ಕಿರಾಣಿ ಚೀಟಿಯೂ ಮಾತ್ರೆ ಚೀಟಿಯೂ

*ಹೃದಯ ಪಾಠ – 17*
*ಹೊರನಾಡಿನ ಕನ್ನಡ ಮನೆಗಳಿಗಾಗಿ*



ಕಳೆದ ಪಾಠದಲ್ಲಿ ಬಿಪಿ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಹಲವರು ಕೇಳಿದ ಪ್ರಶ್ನೆ ಒಂದೇ: "ಡಾಕ್ಟ್ರೇ, ಹೃದಯಕ್ಕೆ ಒಳ್ಳೆಯದು ಎನ್ನುವ ಊಟವೆಲ್ಲ ದುಬಾರಿ. ಬಾಡಿಗೆ, ಮಕ್ಕಳ ಫೀಸು ಕಟ್ಟಿ ಉಳಿದ ದುಡ್ಡಿನಲ್ಲಿ ಇದೆಲ್ಲ ಆಗುತ್ತದೆಯೇ?"

ಆಗುತ್ತದೆ. ಹೇಗೆ ಎಂದು ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು.

*ನನ್ನ ತಪ್ಪು*

ನಾನು ಪುಣೆಯಲ್ಲಿ ಹೃದ್ರೋಗ ತಜ್ಞ. ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ಆಟೋ ಓಡಿಸುವ ಒಬ್ಬರಿಗೆ ಎಂಟು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದೆವು. ವಯಸ್ಸು ಐವತ್ತರ ಆಸುಪಾಸು. ಎದೆ ಹಿಡಿದಂತಾಗುತ್ತದೆ ಎಂದು ಮತ್ತೆ ಬಂದರು. ಮಾತ್ರೆ ದಿನಾ ತಗೊಳ್ತೀರಾ ಎಂದು ಕೇಳಿದೆ. "ಹೂಂ ಸರ" ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ತಡೆಯಲಿಲ್ಲ.

"ಸುಳ್ಳ ಯಾಕ ಹೇಳ್ತೀರಿ? ಸರ, ಎರಡ ತಿಂಗಳಾತು, ದಿನಾ ಬಿಟ್ಟ ದಿನಾ ತಗೊಳ್ಳಾಕತ್ತಾರ. ಎಲ್ಲಾ ತುಟ್ಟಿ ಆಗೇತ್ರಿ. ನೀವು ಬರಕೊಟ್ಟ ಊಟದ ಸಾಮಾನ ತರೂದ್ರಾಗ ರೊಕ್ಕ ಮುಗೀತಾವ."

ನಾನು ಬರೆದುಕೊಟ್ಟ ಸಾಮಾನು? ಆ ತಾಯಿ ಚೀಲದಿಂದ ಮಡಚಿದ ಹಾಳೆ ತೆಗೆದರು. ಡಿಸ್ಚಾರ್ಜ್ ದಿನ ನಾನು ಕೊಟ್ಟಿದ್ದ ಅಚ್ಚಾದ ಆಹಾರ ಪಟ್ಟಿ. ಆಲಿವ್ ಎಣ್ಣೆ, ಓಟ್ಸ್, ಬಾದಾಮಿ, ಸೇಬು. ಎಲ್ಲರಿಗೂ ಕೊಡುವ ಹಾಳೆ ಅದು. ಕೊಡುವಾಗ ಅವರ ಮನೆಯಲ್ಲಿ ಏನು ಬೇಯುತ್ತದೆ, ತಿಂಗಳಿಗೆ ಎಷ್ಟು ಬರುತ್ತದೆ ಎಂದು ನಾನು ಕೇಳಿರಲಿಲ್ಲ. ಡಾಕ್ಟರು ಹೇಳಿದ್ದಾರೆ ಎಂದು ಅವರು ಆ ಹಾಳೆಯನ್ನು ಚಾಚೂ ತಪ್ಪದೆ ಪಾಲಿಸಿದರು. ಹಣ ಸಾಲದೆ ಹೋದಾಗ ಕಡಿಮೆ ಮಾಡಿದ್ದು ಮಾತ್ರೆಯನ್ನು.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ನಡುವೆ ಬಿಟ್ಟರೆ ಸ್ಟೆಂಟಿನ ಒಳಗೇ ರಕ್ತ ಗಡ್ಡೆ ಕಟ್ಟಬಹುದು. ಹಾಗಾದರೆ ಅದು ದೊಡ್ಡ ಹೃದಯಾಘಾತ. ಆಸ್ಪತ್ರೆ ತಲುಪುವಷ್ಟು ಸಮಯವೂ ಕೆಲವರಿಗೆ ಸಿಗುವುದಿಲ್ಲ. ಈ ಅಣ್ಣನಿಗೆ ಹಾಗೆ ಆಗಲಿಲ್ಲ. ಅದು ಅವರ ಪುಣ್ಯ, ನನ್ನ ಜಾಣತನವಲ್ಲ.

ಅಂದು ಆ ತಾಯಿಯಿಂದ ಆ ವಾರದ ಕಿರಾಣಿ ಚೀಟಿ ಪಡೆದು ಇಬ್ಬರೂ ಕೂತು ಓದಿದೆವು. ಈ ಪಾಠ ಹುಟ್ಟಿದ್ದು ಅಲ್ಲಿ.

*ಚೀಟಿಯಲ್ಲಿ ಇದ್ದದ್ದು*

ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆ ಚೀಟಿಯಲ್ಲಿ ಏಳು ಸಾಮಾನಿಗೆ ಗೆರೆ ಎಳೆದೆ:

▪️ ಆಲಿವ್ ಎಣ್ಣೆ, ಅರ್ಧ ಲೀಟರ್ – 500
▪️ ಓಟ್ಸ್, ಒಂದು ಕಿಲೋ – 200
▪️ ಬಾದಾಮಿ, ಕಾಲು ಕಿಲೋ – 250
▪️ ಮಕ್ಕಳ ಹಾಲಿಗೆ ಹಾಕುವ ಪುಡಿ, ಅರ್ಧ ಕಿಲೋ – 280
▪️ ಬಿಸ್ಕೆಟ್, ಖಾರಿ, ಟೋಸ್ಟ್ – 180
▪️ ಪ್ಯಾಕೆಟ್ ಜ್ಯೂಸ್, ಒಂದು ಲೀಟರ್ – 120
▪️ ಸೇಬು, ಒಂದು ಕಿಲೋ – 200

ಒಟ್ಟು 1,730 ರೂಪಾಯಿ. ಅವರ ಒಂದು ತಿಂಗಳ ಮಾತ್ರೆಗೆ ಆಗುತ್ತಿದ್ದದ್ದು ಸುಮಾರು 1,400. ಅಂದರೆ ಒಂದು ವಾರದ ಏಳು ಸಾಮಾನು ಇಡೀ ತಿಂಗಳ ಮಾತ್ರೆಗಿಂತ ದುಬಾರಿ. ಆ ಏಳರಲ್ಲಿ ಒಂದೂ ಆ ಮಾತ್ರೆಯ ಕೆಲಸ ಮಾಡುವುದಿಲ್ಲ.

ಅದಕ್ಕೇ ಮೊದಲ ನಿಯಮ: *ತಿಂಗಳ ಮೊದಲ ದಿನ ಮಾತ್ರೆಯ ದುಡ್ಡನ್ನು ಬೇರೆ ತೆಗೆದಿಡಿ. ಉಳಿದದ್ದರಲ್ಲಿ ಊಟದ ಲೆಕ್ಕ.*

*ಏಳಕ್ಕೆ ಬದಲಿ*

1️⃣ *ಎಣ್ಣೆ.* ಆಲಿವ್ ಎಣ್ಣೆ ಕೆಟ್ಟದ್ದಲ್ಲ. ಆದರೆ ನಮ್ಮ ಒಗ್ಗರಣೆಗೆ ಅದೇ ಆಗಬೇಕೆಂದಿಲ್ಲ. ಶೇಂಗಾ, ಕುಸುಬೆ, ಸೂರ್ಯಕಾಂತಿ, ಎಳ್ಳೆಣ್ಣೆ, ಸಾಸಿವೆ ಎಣ್ಣೆ, ಯಾವುದಾದರೂ ಸರಿ. ಒಂದು ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಮಾಡಿ. ಯಾವ ಎಣ್ಣೆ ಎನ್ನುವುದಕ್ಕಿಂತ ಎಷ್ಟು ಎಣ್ಣೆ ಎನ್ನುವುದು ಮುಖ್ಯ. ಡಬ್ಬಿಯ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ.

2️⃣ *ಓಟ್ಸ್.* ಓಟ್ಸಿನ ನಾರು ಕೊಲೆಸ್ಟ್ರಾಲನ್ನು ಸ್ವಲ್ಪ ಇಳಿಸುತ್ತದೆ, ನಿಜ. ಕರಗುವ ನಾರು ಕಾಳುಗಳಲ್ಲೂ ಇದೆ. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಒಂದು ಹಿಡಿ ಹಸಿ ಸೊಪ್ಪು, ಸೌತೆಕಾಯಿ ಉಣ್ಣುವ ಮನೆಗೆ ಓಟ್ಸ್ ತರುವ ಅಗತ್ಯವೇ ಇಲ್ಲ.

3️⃣ *ಬಾದಾಮಿ.* ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ. ಎರಡರಲ್ಲೂ ಹೃದಯಕ್ಕೆ ಹಿತವಾದ ಕೊಬ್ಬೇ ಹೆಚ್ಚು. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ವ್ಯತ್ಯಾಸ. ದಿನಕ್ಕೆ ಒಂದು ಸಣ್ಣ ಹಿಡಿ ಶೇಂಗಾ ಸಾಕು, ಹುರಿದದ್ದು ಅಥವಾ ಬೇಯಿಸಿದ್ದು. ಉಪ್ಪು ಹಚ್ಚಿದ ಪ್ಯಾಕೆಟ್ ಬೇಡ.

4️⃣ *ಹಾಲಿನ ಪುಡಿ ಡಬ್ಬಿ.* ಇಂಥ ಹಲವು ಪುಡಿಗಳಲ್ಲಿ ಸಕ್ಕರೆ ತುಂಬಾ ಹೆಚ್ಚು. ಡಬ್ಬಿ ತಿರುಗಿಸಿ, 100 ಗ್ರಾಮಿಗೆ ಸಕ್ಕರೆ ಎಷ್ಟು ಎಂದು ನೋಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇವನ್ನು "ಹೆಲ್ತ್ ಡ್ರಿಂಕ್" ಎಂಬ ಪಟ್ಟಿಯಡಿ ಮಾರಬೇಡಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ನಮ್ಮ ಆಹಾರ ಕಾನೂನಿನಲ್ಲಿ ಅಂಥ ಹೆಸರಿಗೆ ವ್ಯಾಖ್ಯೆಯೇ ಇಲ್ಲ. ಬದಲಿಗೆ ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹುರಿಹಿಟ್ಟು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿಗೆ ಎರಡು ಚಮಚ ಹಾಕಿ ಕುದಿಸಿ ಕೊಡಿ.

5️⃣ *ಬಿಸ್ಕೆಟ್, ಖಾರಿ.* ಮೈದಾ, ಸಕ್ಕರೆ, ಗಟ್ಟಿ ಕೊಬ್ಬು, ಉಪ್ಪು ನಾಲ್ಕೂ ಒಟ್ಟಿಗೆ. ಬದಲಿಗೆ ಪುಟಾಣಿ, ಚುರುಮುರಿ, ಬೇಯಿಸಿದ ಕಾಳಿನ ಉಸಲಿ. ಮನೆಗೆ ಬಂದವರಿಗೆ ಬಿಸ್ಕೆಟ್ ಇಡದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬಿಡಿ. ಈರುಳ್ಳಿ, ನಿಂಬೆರಸ ಹಾಕಿದ ಚುರುಮುರಿಯನ್ನು ಬೇಡ ಅನ್ನುವ ಕನ್ನಡಿಗರನ್ನು ನಾನು ಕಂಡಿಲ್ಲ.

6️⃣ *ಜ್ಯೂಸ್.* ಹಣ್ಣಿನ ನಾರು ತೆಗೆದು ಸಕ್ಕರೆ ಉಳಿಸಿದ ನೀರು. ಬದಲಿಗೆ ಮಜ್ಜಿಗೆ, ಉಪ್ಪು ಕಡಿಮೆ ಹಾಕಿ.

7️⃣ *ಸೇಬು.* ಪೇರಲ ಹಣ್ಣಿನಲ್ಲಿ ವಿಟಮಿನ್ ಸಿ ಸೇಬಿಗಿಂತ ಹತ್ತಾರು ಪಟ್ಟು ಹೆಚ್ಚು, ನಾರೂ ಹೆಚ್ಚು. ಪೇರಲ, ಪಪ್ಪಾಯಿ, ಬಾಳೆ, ಕಿತ್ತಳೆ, ಆಯಾ ಕಾಲಕ್ಕೆ ಬಂಡಿ ತುಂಬಿ ಬರುವುದೇ ಒಳ್ಳೆಯ ಹಣ್ಣು.

ಆ ತಾಯಿ ಮುಂದಿನ ಸಲ ತಂದ ಚೀಟಿ: ಶೇಂಗಾ ಎಣ್ಣೆ ಅರ್ಧ ಲೀಟರ್ 100, ಜೋಳ ಎರಡು ಕಿಲೋ 100, ರಾಗಿ ಒಂದು ಕಿಲೋ 50, ಶೇಂಗಾ ಅರ್ಧ ಕಿಲೋ 80, ಪುಟಾಣಿ ಅರ್ಧ ಕಿಲೋ 70, ಪೇರಲ ಮತ್ತು ಬಾಳೆ 120. ಒಟ್ಟು 520. ಉಳಿದದ್ದು 1,210. ಎಣ್ಣೆ, ಪುಡಿ ಪ್ರತಿ ವಾರ ತರುವ ಸಾಮಾನಲ್ಲ, ಆದ್ದರಿಂದ ವಾರವಾರವೂ ಇಷ್ಟೇ ಉಳಿಯುವುದಿಲ್ಲ. ನಿಮ್ಮ ಊರಿನ ಬೆಲೆಯೂ ಬೇರೆ ಇರಬಹುದು. ಆದರೂ ತಿಂಗಳ ಮಾತ್ರೆಗೆ ದಾರಿ ಆಯಿತು.

*ಹೆಸರು ಗೊತ್ತಿದ್ದರೆ ಅರ್ಧ ಉಳಿತಾಯ*

ಹೊರನಾಡಿನ ಮನೆಗಳಲ್ಲಿ ನಾನು ಕಂಡ ಒಂದು ತೊಂದರೆ ಇದು. ನಮ್ಮ ಕಾಳು, ಸೊಪ್ಪಿಗೆ ಇಲ್ಲಿ ಏನನ್ನುತ್ತಾರೆ ಗೊತ್ತಿಲ್ಲ. ಕೇಳಲು ಬಾರದೆ ದೊಡ್ಡ ಅಂಗಡಿಗೆ ಹೋಗಿ ಬಣ್ಣದ ಪ್ಯಾಕೆಟ್‌ನ "ಮಿಲ್ಲೆಟ್ ಮಿಕ್ಸ್" ತರುತ್ತೇವೆ. ಅದೇ ಕಾಳು ಬೀದಿ ಕೊನೆಯ ಕಿರಾಣಿಯಲ್ಲಿ ಚೀಲದಲ್ಲಿ ಇರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ:

🌾 *ಜೋಳ:* ಮುಂಬೈ, ಪುಣೆಯಲ್ಲಿ ಜ್ವಾರಿ, ಹೈದರಾಬಾದಿನಲ್ಲಿ ಜೊನ್ನಲು, ಚೆನ್ನೈಯಲ್ಲಿ ಚೋಳಂ (ಮಕ್ಕಾಚೋಳಂ ಅಂದರೆ ಮುಸುಕಿನ ಜೋಳ, ಎಚ್ಚರ), ದೆಹಲಿಯಲ್ಲಿ ಜ್ವಾರ್.
🌾 *ರಾಗಿ:* ನಾಚಣಿ, ರಾಗುಲು, ಕೇಳ್ವರಗು, ಮಡುವಾ.
🌾 *ಸಜ್ಜೆ:* ಬಾಜ್ರಿ, ಸಜ್ಜಲು, ಕಂಬು, ಬಾಜ್ರಾ.
🌾 *ಹುರುಳಿ:* ಕುಳಿಥ್ ಅಥವಾ ಹುಲಗೆ, ಉಲವಲು, ಕೊಳ್ಳು, ಕುಲ್ಥಿ.
🌿 *ಹರಿವೆ ಸೊಪ್ಪು:* ಮಾಠ, ತೋಟಕೂರ, ತಂಡುಕೀರೈ, ಚೌಲಾಯಿ.

ಕರಾವಳಿಯವರಿಗೆ ಒಂದು ಮಾತು. ಮುಂಬೈಯಲ್ಲಿ ಪಾಂಫ್ರೆಟ್, ಸುರಮಯಿ ಹಿಂದೆ ಓಡಬೇಡಿ. ನಿಮ್ಮ ಬಂಗುಡೆ ಇಲ್ಲಿ ಬಾಂಗ್ಡಾ, ಬೂತಾಯಿ ಇಲ್ಲಿ ತಾರ್ಲಿ. ಚೆನ್ನೈಯಲ್ಲಿ ಬೂತಾಯಿಗೆ ಮತ್ತಿ ಎನ್ನುತ್ತಾರೆ. ಹೃದಯಕ್ಕೆ ಬೇಕಾದ ಒಮೇಗಾ-3 ಕೊಬ್ಬು ಈ ಅಗ್ಗದ ಮೀನುಗಳಲ್ಲೇ ಪಾಂಫ್ರೆಟ್‌ಗಿಂತ ಹೆಚ್ಚು. ಹುರಿಯುವ ಬದಲು ಸಾರು ಮಾಡಿ. ಜೂನ್, ಜುಲೈಯಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ, ಮೀನು ತುಟ್ಟಿ. ಆ ಎರಡು ತಿಂಗಳು ಕಾಳು, ಮೊಟ್ಟೆಗೆ ತಿರುಗಿ.

*ಮೂರು ಡಬ್ಬಿ ಲೆಕ್ಕ*

ದುಡ್ಡೂ ಉಳಿಯಬೇಕು, ಹೃದಯವೂ ಉಳಿಯಬೇಕು ಎಂದರೆ ಅಡುಗೆಮನೆಯ ಮೂರು ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಗುತ್ತವೆ ನೋಡಿ. ನಾಲ್ವರ ಮನೆಗೆ ಲೆಕ್ಕ ಹೀಗೆ:

*ಎಣ್ಣೆ:* ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್. ನಾಲ್ವರಿಗೆ ಎರಡರಿಂದ ಮೂರು ಲೀಟರ್. ಐದು ಲೀಟರ್ ಕ್ಯಾನ್ ಅಗ್ಗ ಎಂದು ತಂದು ತಿಂಗಳಲ್ಲೇ ಮುಗಿಸಿದರೆ ದುಡ್ಡೂ ಹೋಯಿತು, ರಕ್ತನಾಳವೂ ಕೆಟ್ಟಿತು. ಬಾಟಲಿಯಿಂದ ನೇರ ಸುರಿಯದೆ ಚಮಚದಲ್ಲಿ ಅಳೆದು ಹಾಕಿ.

*ಉಪ್ಪು:* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು. ನಾಲ್ವರಿಗೆ 20 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಅದೂ ಊರಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದಿದ್ದರೆ. ಅವು ಇದ್ದರೆ ಇನ್ನೂ ಹೆಚ್ಚು ದಿನ ಬರಬೇಕು.

*ಸಕ್ಕರೆ:* ಒಬ್ಬರಿಗೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಬೆಲ್ಲವೂ ಸೇರಿ. ಚಹಾ, ಬಿಸ್ಕೆಟ್, ಸಿಹಿ ಎಲ್ಲ ಕೂಡಿ ಈ ಲೆಕ್ಕ. ನಾಲ್ವರಿಗೆ ತಿಂಗಳಿಗೆ ಮೂರು ಕಿಲೋ ಎನ್ನುವುದು ಮೇಲಿನ ಗೆರೆ. ಗುರಿ ಅದಕ್ಕಿಂತ ಕೆಳಗೆ ಇರಲಿ.

*ಸಂತೆಗೆ ಹೋಗುವ ಮುನ್ನ*

✅ ಮೊದಲು ಮನೆಯ ಡಬ್ಬಿಗಳನ್ನು ನೋಡಿ, ಆಮೇಲೆ ಪಟ್ಟಿ ಬರೆಯಿರಿ. ಅರ್ಧ ಡಬ್ಬಿ ತೊಗರಿಬೇಳೆ ಇರುವಾಗ ಮತ್ತೊಂದು ಕಿಲೋ ತರುವುದು ಎಲ್ಲರ ಮನೆಯ ಕಥೆ.

✅ ಏಳು ದಿನದ ಅಡುಗೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸೊಪ್ಪು, ಟೊಮೆಟೊ ಮೊದಲ ಮೂರು ದಿನಕ್ಕೆ. ಎಲೆಕೋಸು, ಗಜ್ಜರಿ, ಬೀಟ್‌ರೂಟ್, ಕುಂಬಳ ಕೊನೆಯ ದಿನಗಳಿಗೆ. ಕೊಳೆತು ಕಸಕ್ಕೆ ಹೋದ ಸೊಪ್ಪಿನಷ್ಟು ದುಬಾರಿ ಸೊಪ್ಪು ಇನ್ನೊಂದಿಲ್ಲ.

✅ ಉಂಡು ಹೋಗಿ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋದವರ ಚೀಲದಲ್ಲಿ ಚಿಪ್ಸ್ ಇದ್ದೇ ಇರುತ್ತದೆ.

✅ ಪ್ಯಾಕೆಟ್ ಬೆಲೆ ನೋಡಬೇಡಿ, ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ನೋಡಿ. ಈಗ ಪ್ಯಾಕೆಟ್‌ಗಳ ಮೇಲೆ ಅದನ್ನೂ ಅಚ್ಚು ಹಾಕಿರುತ್ತಾರೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ.

✅ ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ನಲ್ಲಿ ಕೊತ್ತಂಬರಿ ತರಿಸಲು ಹೋಗಿ ಐಸ್‌ಕ್ರೀಂ ಸೇರಿಸುತ್ತೇವೆ, ಡೆಲಿವರಿ ಶುಲ್ಕ ತಪ್ಪಿಸಲು ಇನ್ನೇನೋ ಸೇರಿಸುತ್ತೇವೆ. ವಾರಕ್ಕೆ ಒಂದೇ ಸಲ, ಪಟ್ಟಿ ಹಿಡಿದು ಖರೀದಿ ಎಂಬ ನಿಯಮ ಇಟ್ಟುಕೊಳ್ಳಿ.

✅ ನಿಮ್ಮ ಊರಿನ ರೈತರ ಮಾರುಕಟ್ಟೆ ಗೊತ್ತಿರಲಿ. ಹೈದರಾಬಾದಿನವರಿಗೆ ರೈತು ಬಜಾರ್, ಚೆನ್ನೈಯವರಿಗೆ ಕೋಯಂಬೇಡು, ಪುಣೆಯವರಿಗೆ ಮಾರ್ಕೆಟ್ ಯಾರ್ಡ್ ಮತ್ತು ಮಂಡಯಿ, ಮುಂಬೈಯವರಿಗೆ ದಾದರ್ ಮತ್ತು ವಾಶಿ, ದೆಹಲಿಯವರಿಗೆ ಬಡಾವಣೆಯ ವಾರದ ಬಜಾರ್ ಮತ್ತು ಸಫಲ್ ಮಳಿಗೆ. ಒಂದು ಮನೆಗೆ ಅಷ್ಟು ದೂರ ಹೋಗುವುದು ಲಾಭವಲ್ಲ. ನಾಲ್ಕು ಕನ್ನಡ ಮನೆಗಳು ಸೇರಿ ಸರದಿಯ ಮೇಲೆ ಒಬ್ಬರು ಹೋಗಿ ಬಂದು ಹಂಚಿಕೊಂಡರೆ ಖಂಡಿತ ಲಾಭ.

*ಊರಿನ ರೇಷನ್ ಕಾರ್ಡ್ ಇಲ್ಲಿಯೂ ನಡೆಯುತ್ತದೆ*

ಇದು ಬಹಳ ಜನರಿಗೆ ಗೊತ್ತಿಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಅಡಿಯ ಕಾರ್ಡ್, ಅಂದರೆ ಅಂತ್ಯೋದಯ ಅಥವಾ ಆದ್ಯತಾ ಕಾರ್ಡ್, ಕರ್ನಾಟಕದ್ದಾದರೂ ಮುಂಬೈ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಬಳಸಬಹುದು. "ಒಂದು ದೇಶ ಒಂದು ಪಡಿತರ ಚೀಟಿ" ಯೋಜನೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಆದ್ಯತಾ ಕಾರ್ಡಿಗೆ ಒಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕಿಲೋ ಧಾನ್ಯ. 2024ರ ಜನವರಿ 1ರಿಂದ ಐದು ವರ್ಷ ಇದು ಉಚಿತ. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು, ಅಂಗಡಿಯಲ್ಲಿ ಬೆರಳು ಗುರುತು ಕೊಡಬೇಕು. ಅಪ್ಪ ಅಮ್ಮ ಊರಿನಲ್ಲಿದ್ದರೆ ಅವರ ಪಾಲು ಅಲ್ಲಿ, ನಿಮ್ಮ ಪಾಲು ಇಲ್ಲಿ ತೆಗೆದುಕೊಳ್ಳಬಹುದು. ಕೇಂದ್ರದ ಪಾಲು ಮಾತ್ರ ಹೀಗೆ ಸಿಗುತ್ತದೆ, ಕರ್ನಾಟಕ ಸರ್ಕಾರ ಹೆಚ್ಚುವರಿಯಾಗಿ ಕೊಡುವುದು ಹೊರರಾಜ್ಯದಲ್ಲಿ ಸಿಗುವುದಿಲ್ಲ.

ನಾಚಿಕೆ ಬೇಡ. ಆ ಧಾನ್ಯದಿಂದ ಉಳಿದ ದುಡ್ಡಿನಲ್ಲಿ ಕಾಳು, ಸೊಪ್ಪು, ಮೊಟ್ಟೆ ಬರುತ್ತದೆ. ಬರೀ ಅನ್ನ, ಚಪಾತಿಯ ರಾಶಿಯನ್ನೇ ಹೆಚ್ಚಿಸಬೇಡಿ.

*ಇಲ್ಲಿ ಉಳಿತಾಯ ಬೇಡ*

❌ *ಸೀಲ್ ಇಲ್ಲದ ಬಿಡಿ ಎಣ್ಣೆ.* 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಗಿಮೋನ್ ಎಂಬ ಕಾಡುಗಿಡದ ಬೀಜದ ಎಣ್ಣೆ ಬೆರೆತು ಸುಮಾರು 60 ಜನ ಸತ್ತರು. ಕಾಲು ಊದಿ, ಉಸಿರು ಕಟ್ಟಿ, ಹೃದಯ ಸೋಲುವ ಕಾಯಿಲೆ ಅದು. ಕಣ್ಣೆದುರೇ ಗಾಣದಿಂದ ಬರುವ ಎಣ್ಣೆ ಬೇರೆ ಮಾತು.

❌ *ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು.* ಕಪ್ಪಾಗಿ, ಅಂಟಂಟಾಗಿ, ಹೊಗೆ ಬರುವ ಎಣ್ಣೆಯಲ್ಲಿ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಕರಿಯುವುದನ್ನೇ ಕಡಿಮೆ ಮಾಡಿದರೆ ಈ ಚಿಂತೆಯೇ ಇಲ್ಲ.

❌ *ಮಾತ್ರೆ.* ಬಿಟ್ಟು ಉಳಿಸಬೇಡಿ, ಅರ್ಧ ಮಾಡಿ ಉಳಿಸಬೇಡಿ. ನಿಮ್ಮ ಡಾಕ್ಟರನ್ನು ನೇರ ಕೇಳಿ: "ಇದು ಜೆನೆರಿಕ್‌ನಲ್ಲಿ ಸಿಗುತ್ತದೆಯೇ?" ಜನೌಷಧಿ ಕೇಂದ್ರಗಳಲ್ಲಿ ಬಹಳಷ್ಟು ಹೃದಯದ, ಬಿಪಿಯ, ಸಕ್ಕರೆ ಕಾಯಿಲೆಯ ಮಾತ್ರೆಗಳು ಬ್ರ್ಯಾಂಡ್ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಆಟೋ ಅಣ್ಣನ ಚೀಟಿಯನ್ನು ಅಂದೇ ಔಷಧದ ಮೂಲ ಹೆಸರಿನಲ್ಲಿ ಮತ್ತೆ ಬರೆದುಕೊಟ್ಟೆ. ಮೊದಲ ದಿನವೇ ನಾನು ಮಾಡಬೇಕಿದ್ದ ಕೆಲಸ ಅದು.

*ಕೇಳಿ ಬದಲಿಸಬೇಕಾದವರು*

⚠️ ಕೃತಕ ಕವಾಟ ಹಾಕಿಸಿಕೊಂಡು ವಾರ್ಫರಿನ್ ಅಥವಾ ಅದೇ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸಬೇಡಿ, ಒಮ್ಮೆಗೇ ಬಿಡಲೂ ಬೇಡಿ. ವಾರವಾರ ಒಂದೇ ಪ್ರಮಾಣ ಇರಲಿ.
⚠️ ಕಿಡ್ನಿ ತೊಂದರೆ ಇರುವವರು ಕಾಳು, ಬಾಳೆಹಣ್ಣು, "ಲೋ ಸೋಡಿಯಂ" ಉಪ್ಪನ್ನು ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.
⚠️ ಸಕ್ಕರೆ ಕಾಯಿಲೆಯವರು ರಾಗಿ, ಜೋಳ ಎಂದು ಅಳತೆ ಮೀರಬೇಡಿ. ರಾಗಿ ಗಂಜಿಗಿಂತ ರೊಟ್ಟಿ ಮೇಲು.

*ಈ ವಾರದ ಮನೆಗೆಲಸ*

1. ಕಳೆದ ವಾರದ ಕಿರಾಣಿ ಚೀಟಿ, ಈ ತಿಂಗಳ ಮಾತ್ರೆ ಚೀಟಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ.
2. ಕಿರಾಣಿ ಚೀಟಿಯಲ್ಲಿ ಎರಡೇ ಎರಡು ಸಾಮಾನಿಗೆ ಗೆರೆ ಎಳೆದು ಬದಲಿ ಬರೆಯಿರಿ. ಏಳನ್ನೂ ಒಂದೇ ವಾರ ಬದಲಿಸಲು ಹೋದರೆ ಮಕ್ಕಳು ಊಟದ ತಟ್ಟೆ ಬಿಟ್ಟು ಏಳುತ್ತಾರೆ.
3. ಉಪ್ಪಿನ ಪ್ಯಾಕೆಟ್ ಮೇಲೆ ಒಡೆದ ತಾರೀಖು ಬರೆದಿಡಿ.
4. ಮನೆಯ ಹಿರಿಯರನ್ನು ಒಮ್ಮೆ ಪ್ರೀತಿಯಿಂದ ಕೇಳಿ: "ಮಾತ್ರೆ ದಿನಾ ತಗೊಳ್ತಾ ಇದ್ದೀರಾ, ದುಡ್ಡಿಗೆ ಅಂತ ಬಿಡ್ತಾ ಇಲ್ಲ ತಾನೇ?" ಎಷ್ಟೋ ಅಪ್ಪಂದಿರು, ಅತ್ತೆಯಂದಿರು ಮಕ್ಕಳಿಗೆ ಹೊರೆಯಾಗಬಾರದೆಂದು ಸುಮ್ಮನೆ ಬಿಟ್ಟಿರುತ್ತಾರೆ. ಕೇಳುವವರೆಗೂ ಹೇಳುವುದಿಲ್ಲ.

ಆಟೋ ಅಣ್ಣ ಮೂರು ತಿಂಗಳ ನಂತರ ಬಂದರು. ಎದೆನೋವು ಇರಲಿಲ್ಲ, ಒಂದು ದಿನವೂ ಮಾತ್ರೆ ತಪ್ಪಿರಲಿಲ್ಲ. ಖಾಲಿಯಾದ ಮಾತ್ರೆ ಪಟ್ಟಿಗಳನ್ನೆಲ್ಲ ಅವರ ಹೆಂಡತಿ ರಬ್ಬರ್ ಬ್ಯಾಂಡ್ ಹಾಕಿ ತಂದು ಎಣಿಸಿ ತೋರಿಸಿದರು. ಹಳೆಯ ಅಚ್ಚಿನ ಹಾಳೆಯನ್ನು ನಾನು ಈಗ ಯಾರಿಗೂ ಕೊಡುತ್ತಿಲ್ಲ. ಮೊದಲು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಏನು ಬೇಯಿಸುತ್ತೀರಿ?

ಈ ಪಾಠ ಸಾಮಾನ್ಯ ತಿಳುವಳಿಕೆಗಾಗಿ. ನಿಮ್ಮ ಮಾತ್ರೆ, ಪಥ್ಯದ ಬದಲಾವಣೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ. ಮಾತ್ರೆ ಚೀಟಿ ಇರುವ ಮನೆಗಳಿಗೆ ಇದನ್ನು ದಯವಿಟ್ಟು ಕಳಿಸಿ.

ಮುಂದಿನ ಪಾಠ: *ರಾತ್ರಿ ಪಾಳಿ ಕೆಲಸ ಮಾಡುವವರ ಊಟ, ನಿದ್ದೆ, ಬಿಪಿ.*

ಆರೋಗ್ಯವಾಗಿರಿ. 🙏